ರಕ್ತ ಕೊಡುವ ಮುಂಚೆ ಮಾತ್ರೆ ಶೀಟು ತೋರಿಸಿ

ಸುಸ್ತು, ಮಂಡಿನೋವು, ಅಂಗಾಲು ಉರಿ. ಇದರಲ್ಲಿ ಒಂದಿದ್ದರೂ ಸಾಕು, ಪಕ್ಕದ ಮನೆಯವರು "ವಿಟಮಿನ್ ಕಮ್ಮಿ ಇರ್ಬೇಕು, ಟೆಸ್ಟ್ ಮಾಡ್ಸು" ಅಂತಾರೆ. ಜನ ನೇರ ಲ್ಯಾಬ್‌ಗೆ ಹೋಗಿ ರಕ್ತ ಕೊಡುತ್ತಾರೆ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂದ ಮೇಲೆ ಮೆಡಿಕಲ್ ಸ್ಟೋರ್ ನೆನಪಾಗುತ್ತದೆ: "ಅಣ್ಣಾ, ಇದಕ್ಕೊಂದು ಮಾತ್ರೆ ಕೊಡಿ."

ಕೌಂಟರ್‌ನ ಈಚೆ ನಿಂತು ನೋಡುವವನಿಗೆ ಈ ದಾರಿ ಉಲ್ಟಾ ಅನಿಸುತ್ತದೆ. ಟೆಸ್ಟಿಗೆ ಮುಂಚೆಯೇ ಒಮ್ಮೆ ಬನ್ನಿ. ಫಾರ್ಮಸಿಸ್ಟ್ ಇರುವ ಹೊತ್ತು ನೋಡಿಕೊಂಡು ಬನ್ನಿ. ಔಷಧಿಯ ಬಗ್ಗೆ ತಿಳಿಸಿ ಹೇಳುವುದು ಅವರ ಕೆಲಸ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಇದೆ. ಕೇಳಲು ಸಂಕೋಚ ಬೇಡ.

ಬರುವಾಗ ಮನೆಯಲ್ಲಿ ತಿನ್ನುತ್ತಿರುವ ಮಾತ್ರೆ ಶೀಟುಗಳನ್ನೆಲ್ಲ ಒಂದು ಕವರ್‌ಗೆ ಹಾಕಿಕೊಂಡು ಬನ್ನಿ. "ಬಿಳೀದು, ಉದ್ದಕ್ಕಿದೆ" ಅಂದರೆ ಯಾರಿಗೂ ಗೊತ್ತಾಗಲ್ಲ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಮೈಗೆ ಹತ್ತುವುದು ಕಮ್ಮಿಯಾಗಬಹುದು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಯ ಕಥೆಯೂ ಅದೇ: ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಈ ಮಾತ್ರೆ ಆಮ್ಲವನ್ನೇ ತಡೆಯುತ್ತದೆ. ಎರಡನ್ನೂ ಒಟ್ಟಿಗೆ ತಿನ್ನುವವರು ಬೇಕಾದಷ್ಟು ಜನ ಇದ್ದಾರೆ. ಅಂಥವರ ಅಂಗಾಲು ಉರಿಯನ್ನು "ಶುಗರ್‌ದು, ಬಿಡಿ" ಅಂದುಬಿಟ್ಟರೆ ಬಿ12 ಕೊರತೆ ಒಳಗೇ ಉಳಿಯುತ್ತದೆ. ಹಾಗಂತ ಡಾಕ್ಟರ್‌ಗೆ ಹೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಇನ್ನೊಂದು, ಯಾರೂ ಔಷಧಿ ಅಂತಲೇ ಲೆಕ್ಕಕ್ಕೆ ತಗೊಳ್ಳದ ಕೂದಲಿನ ಮಾತ್ರೆ. ಅದರಲ್ಲಿರುವುದು ಬಯೋಟಿನ್ ಅನ್ನುವ ವಿಟಮಿನ್, ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಂ. ಮೈಗೆ ಬೇಕಾದ್ದಕ್ಕಿಂತ ಇದು ನೂರಾರು ಪಟ್ಟು ಜಾಸ್ತಿ. ಕೆಲವು ಲ್ಯಾಬ್ ಮೆಷಿನ್‌ಗಳ ಪರೀಕ್ಷೆಯೇ ಬಯೋಟಿನ್ ಅಂಟುವುದರ ಮೇಲೆ ನಡೆಯುತ್ತದೆ. ರಕ್ತದಲ್ಲಿ ಅದು ತುಂಬಿದ್ದರೆ ಬಿ12, ವಿಟಮಿನ್ ಡಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಥೈರಾಯ್ಡ್ ರಿಪೋರ್ಟ್ ಕೂಡ ತಪ್ಪಬಹುದು. ಟೆಸ್ಟಿಗೆ ಎರಡು ಮೂರು ದಿನ ಮುಂಚೆ ಇದೊಂದನ್ನು ಮಾತ್ರ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ.

ಬಿ12 ಇಂಜೆಕ್ಷನ್ ಮೊನ್ನೆ ಚುಚ್ಚಿಸಿಕೊಂಡು ಇವತ್ತು ರಕ್ತ ಕೊಡುವುದು ದುಡ್ಡು ದಂಡ. ಬರುವುದು ಇಂಜೆಕ್ಷನ್‌ನ ಲೆಕ್ಕ.

ಆಮೇಲೆ ಯಾವ ಟೆಸ್ಟ್ ಅನ್ನುವ ಪ್ರಶ್ನೆ. ದೊಡ್ಡ ಪ್ಯಾಕೇಜ್ ನನಗೇನೂ ಇಷ್ಟವಿಲ್ಲ. ತೊಂದರೆ ಏನು ಅಂತ ಹೇಳಿ, ಅದಕ್ಕೆ ತಕ್ಕ ಟೆಸ್ಟ್ ಬರೆಸಿಕೊಳ್ಳಿ. ವಿಟಮಿನ್ ಡಿಗೆ '25 ಹೈಡ್ರಾಕ್ಸಿ' ಅಂತಿರಬೇಕು. '1,25' ಅಂತ ಇನ್ನೊಂದಿದೆ, ಕೊರತೆ ನೋಡುವುದಕ್ಕೆ ಅದಲ್ಲ. ಸುಸ್ತಿದ್ದರೆ ಬಿ12 ಜೊತೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಇರಲಿ. ವಿಟಮಿನ್ ಡಿ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಬಿ12ಕ್ಕೆ ಲ್ಯಾಬ್‌ನಲ್ಲೇ ಕೇಳಿ.

ರಿಪೋರ್ಟ್ ಬಂತು. ದಪ್ಪ ಅಕ್ಷರ ನೋಡಿ ಗಾಬರಿಯಾಗಬೇಡಿ, ಮೊದಲು ಅಂಕಿಯ ಪಕ್ಕದ ಅಳತೆ ನೋಡಿ. ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 20ರಿಂದ 30 ನಡುವೆ ಇದ್ದರೆ ಸಾಲದು ಅಂತ ಹಲವು ಲ್ಯಾಬ್‌ಗಳು ಬರೆಯುತ್ತವೆ. ಕೆಲವರು ಲೀಟರಿಗೆ ಇಷ್ಟು ನ್ಯಾನೋಮೋಲ್ ಅಂತ ಕೊಡುತ್ತಾರೆ, ಅಲ್ಲಿ 50 ಅಂದರೆ ಇಲ್ಲಿಯ 20. ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅಂತ ಎಣಿಸುತ್ತಾರೆ. 200ರಿಂದ 300 ಅನುಮಾನದ ಜಾಗ. ಕೈಕಾಲು ಜೋಮು ಹಿಡಿಯುತ್ತಿದ್ದರೆ ಕೊರತೆ ನಿಜವೇ ಅಂತ ಖಚಿತ ಮಾಡಿಕೊಳ್ಳಲು ಡಾಕ್ಟರ್ ಹೋಮೋಸಿಸ್ಟೀನ್ ಅಥವಾ ಎಂಎಂಎ ಅನ್ನುವ ರಕ್ತದ ಟೆಸ್ಟ್ ಹೇಳಬಹುದು. ಬರೀ ಫೋಲಿಕ್ ಆ್ಯಸಿಡ್ (ಇನ್ನೊಂದು ಬಿ ವಿಟಮಿನ್) ನುಂಗಿ ಕೂರಬೇಡಿ. ಅದರಿಂದ ರಕ್ತ ಸುಧಾರಿಸಿದಂತೆ ಕಂಡರೂ ಬಿ12 ಇಲ್ಲದೆ ನರ ಹಾಳಾಗುತ್ತಲೇ ಇರಬಹುದು.

"ದಿನಾ ಮುದ್ದೆ ತಿಂತೀವಿ, ನಮಗೇನು ಕೊರತೆ?" ಅನ್ನುವವರು ಚಿಕ್ಕಬಳ್ಳಾಪುರದ ಕಡೆ ಬಹಳ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ನಿಜ. ಬಿ12 ಇಲ್ಲ, ವಿಟಮಿನ್ ಡಿಯೂ ಇಲ್ಲ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ವಿಟಮಿನ್ ಡಿ ಕೊಡುವ ಬಿಸಿಲು ನಮ್ಮೂರಲ್ಲಿ ಧಾರಾಳ, ಆದರೆ ಶಿಡ್ಲಘಟ್ಟದಲ್ಲಿ ಬೆಳಗಿಂದ ಸಂಜೆವರೆಗೆ ಸೂರಿನಡಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರಿಗೆ ಅದು ಎಲ್ಲಿ ತಾಕುತ್ತದೆ?

ಮಂಡಿನೋವಿನಲ್ಲಿ ನೀರಿನ ವಿಷಯ ಬೇರೆಯೇ ಇದೆ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಬೆನ್ನು ಬಗ್ಗಿಸಲಾಗದಂತೆ ಕೀಲು ಬಿಗಿಯಬಹುದು. ವಿಟಮಿನ್ ಡಿ ಒಂದರಿಂದ ಇದು ವಾಸಿಯಾಗಲ್ಲ. ಯಾವ ನೀರು ಕುಡಿಯುತ್ತೀರಿ ಅಂತ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಕೊನೆಗೆ 60,000 ಯೂನಿಟ್‌ನ ವಿಟಮಿನ್ ಡಿ. ಇದು ಸಾಮಾನ್ಯವಾಗಿ ವಾರಕ್ಕೊಂದು, ಊಟದ ನಂತರ. ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಕಿಡ್ನಿಗೂ ತೊಂದರೆ. ಶೀಟಿನ ಮೇಲೆ 'ಭಾನುವಾರ' ಅಂತ ಪೆನ್ನಲ್ಲಿ ಬರೆಸಿಕೊಳ್ಳಿ. ಎಷ್ಟು ವಾರ ಅನ್ನುವುದನ್ನು ಡಾಕ್ಟರ್ ಹೇಳಬೇಕು, ಫಾರ್ಮಸಿಸ್ಟ್ ಅಲ್ಲ. ಬಸುರಿಯರು, ಕಿಡ್ನಿ ತೊಂದರೆ ಇರುವವರು, ನಡೆಯುವಾಗ ಓಲಾಡುವವರು ಕೌಂಟರ್‌ನಲ್ಲಿ ಹೊತ್ತು ಕಳೆಯದೆ ನೇರ ಡಾಕ್ಟರ್ ಹತ್ತಿರ ಹೋಗಲಿ. ಮತ್ತೆ ವಿಟಮಿನ್ ಡಿ ಟೆಸ್ಟ್ ಮಾಡಿಸುವುದಿದ್ದರೆ ಸುಮಾರು ಮೂರು ತಿಂಗಳ ಮೇಲೆ, ಆದರೆ ಅದೇ ಲ್ಯಾಬ್‌ನಲ್ಲಿ. ಹಳೇ ರಿಪೋರ್ಟ್ ಜೊತೆಗಿರಲಿ.