ಸ್ಯಾಟರ್ನ್ ಆಟಕ್ಕೆ ಕಾಣೆಯಾಗಿದ್ದ ಪಟ್ಟಿ ಸಿಕ್ಕಿತು

ಜಪಾನಿನಿಂದ ತರಿಸಿದ, ಸೆಗಾ ಸ್ಯಾಟರ್ನ್ ಎಂಬ ಹಳೆಯ ವಿಡಿಯೊ ಗೇಮ್ ಯಂತ್ರದ ಆಟ. ಡಬ್ಬಿ, ಡಿಸ್ಕ್, ಕೈಪಿಡಿ ಎಲ್ಲ ಇತ್ತು. ಪೂರ್ತಿ ಸೆಟ್ ಎಂದೇ ನಂಬಿದ್ದೆ. ಆಮೇಲೆ ಗೊತ್ತಾಯಿತು, ‘ಓಬಿ’ ಇಲ್ಲ. ಡಬ್ಬಿಯ ಎಡ ಅಂಚನ್ನು ಅಪ್ಪಿಕೊಂಡಿರುವ ಮಡಿಸಿದ ಕಾಗದದ ಪಟ್ಟಿ ಅದು. ಅಂಟಿಸಿರುವುದಿಲ್ಲ, ಹೊಸ ಆಟ ಬಿಚ್ಚಿದವರು ಹೆಚ್ಚಾಗಿ ಎಸೆದುಬಿಡುತ್ತಿದ್ದರು. ಕೈಪಿಡಿಯೇ ಮುಖಪುಟವಾದ್ದರಿಂದ ಪಟ್ಟಿ ಇಲ್ಲದಿದ್ದರೂ ಡಬ್ಬಿ ತುಂಬಿದಂತೆಯೇ ಕಾಣುತ್ತದೆ.

ಮಾರಾಟದ ವಿವರಣೆ ಮತ್ತೆ ಓದಿದೆ. ‘ಹಾಕೊ-ಸೆಟ್ಸು’ ಎಂದಷ್ಟೇ ಇತ್ತು: ಡಬ್ಬಿ ಮತ್ತು ಕೈಪಿಡಿ. ‘ಓಬಿ-ತ್ಸುಕಿ’ ಅಂದರೆ ಪಟ್ಟಿ ಸಹಿತ. ‘ಓಬಿ-ನಾಶಿ’ ಅಂದರೆ ಪಟ್ಟಿ ರಹಿತ.

ಅದೇ ಆಟದ ಗೀರುಬಿದ್ದ ಇನ್ನೊಂದು ಪ್ರತಿ, ಪಟ್ಟಿ ಸಹಿತ, ಅಗ್ಗಕ್ಕೆ ಸಿಕ್ಕಿತು. ಎಡಬದಿಯ ಫೋಟೊ ಮೊದಲೇ ಕೇಳಿ ತರಿಸಿಕೊಂಡೆ. ಪಟ್ಟಿಯ ಮೇಲಿನ, ‘ಜಿಎಸ್’ ಎಂದು ಶುರುವಾಗುವ ಉತ್ಪನ್ನ ಸಂಖ್ಯೆಯನ್ನು ನನ್ನ ಡಿಸ್ಕಿನ ಸಂಖ್ಯೆಯ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ, ಕೊಂಡು, ಪಟ್ಟಿಯನ್ನು ನನ್ನ ಡಬ್ಬಿಗೆ ಮೆಲ್ಲಗೆ ಸೇರಿಸಿದೆ. ಎಷ್ಟು ಚೆನ್ನಾಗಿ ಕೂತಿದೆ!