ಮನೆಯ ಖೋಲಿ ಬಾಡಿಗೆಗೆ ಕೊಡುವವರಿಗೆ: ಕರೆಂಟ್ ಲೆಕ್ಕ ಹೀಗಿಡಿ
ವಿಜಯಪುರದಲ್ಲಿ ಮನೆಯ ಒಂದು ಖೋಲಿ ಬಾಡಿಗೆಗೆ ಕೊಡುವವರು ಕರೆಂಟನ್ನು ಬಾಡಿಗೆಯಲ್ಲಿ ಸೇರಿಸಬೇಡಿ. ಖೋಲಿಗೆ ಒಂದು ಸಬ್ ಮೀಟರ್, ಅಂದರೆ ಆ ಖೋಲಿಯ ಕರೆಂಟನ್ನಷ್ಟೇ ಅಳೆಯುವ ಬೇರೆ ಮೀಟರ್ ಹಾಕಿಸಿ. ಹೆಸ್ಕಾಂ (ಇಲ್ಲಿಯ ಕರೆಂಟ್ ಕಂಪನಿ) ಬಿಲ್ಲಿನ ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿ, ಖೋಲಿಯ ಯೂನಿಟ್‌ನಿಂದ ಗುಣಿಸಿ. ಒಟ್ಟು 210, ಖೋಲಿಯದು 70 ಆದರೆ ಬಿಲ್ಲಿನ ಮೂರನೇ ಒಂದು ಭಾಗ ಬಾಡಿಗೆದಾರರದು. ಯೂನಿಟ್‌ಗೆ ಇಷ್ಟು ಅಂತ ನಾವೇ ದರ ಕಟ್ಟಿದರೆ ಜಗಳ ಖಂಡಿತ. ಹೀಗೆ ಭಾಗ ಮಾಡಿದರೆ ಬಿಲ್ಲೇ ದರ ಹೇಳುತ್ತದೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬಂದ ತಿಂಗಳು ಅವರದ್ದೂ ಸೊನ್ನೆ, ಅದೇ ನ್ಯಾಯ ಅಲ್ವಾ. ಏಪ್ರಿಲ್, ಮೇನಲ್ಲಿ ಕೂಲರ್ ಹಗಲೂ ರಾತ್ರಿ ತಿರುಗುತ್ತದೆ. ಮನೆಗೆಲ್ಲ ಒಂದೇ ಮೀಟರ್ ಇದ್ದರೆ ಇಬ್ಬರದೂ ಸೇರಿ 200 ಯೂನಿಟ್ ದಾಟಬಹುದು, ಆಗ ಗೃಹಜ್ಯೋತಿ ಸಿಗದೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಇದನ್ನು ಖೋಲಿ ಕೊಡುವ ಮೊದಲೇ ಬಾಯಿಬಿಟ್ಟು ಹೇಳಿಬಿಡಿ. ಹೆಸ್ಕಾಂ ರೀಡಿಂಗ್ ತಗೊಂಡ ದಿನವೇ ಸಬ್ ಮೀಟರಿನ ಫೋಟೋ ತೆಗೆದು ಇಬ್ಬರ ವಾಟ್ಸಾಪ್‌ನಲ್ಲೂ ಇಟ್ಟುಕೊಳ್ಳಿ. ಖೋಲಿಯ ವೈರಿಂಗ್ ಬೇರೆ ಇಲ್ಲದಿದ್ದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಖೋಲಿಯದೆಲ್ಲ ಆಫ್ ಮಾಡಿ, ನಿಮ್ಮ ನೀರಿನ ಮೋಟರ್ ಹಾಕಿ ನೋಡಿ. ಸಬ್ ಮೀಟರಿನ ಕೆಂಪು ದೀಪ ಮಿಣುಕಿದರೆ ನಿಮ್ಮ ಕರೆಂಟೂ ಅದರಲ್ಲೇ ಹೋಗುತ್ತಿದೆ ಅಂತ ಅರ್ಥ, ಎಲೆಕ್ಟ್ರಿಷಿಯನ್‌ನ ಕರೆಸಿ. ನೀರಿನ ಖರ್ಚು ಮಾತ್ರ ಬಾಡಿಗೆಯಲ್ಲೇ ಇರಲಿ. ಬಕೆಟ್ ಎಣಿಸೋಕೆ ಆಗಲ್ಲ. ಬಾಡಿಗೆ ಎಷ್ಟು ಅನ್ನೋದಕ್ಕೆ ನಿಮ್ಮ ಓಣಿಯಲ್ಲೇ ಕರೆಂಟ್ ಸೇರಿಸದೆ ಬಾಡಿಗೆಗೆ ಕೊಟ್ಟಿರುವ ನಾಲ್ಕು ಖೋಲಿ ವಿಚಾರಿಸಿ. ಬಾತ್‌ರೂಮು, ಅಡುಗೆ ಕಟ್ಟೆ ಒಳಗೇ ಇದ್ದರೆ ಸ್ವಲ್ಪ ಜಾಸ್ತಿ ಕೇಳಬಹುದು.