ತೂಕದ ಮಾತು ಎತ್ತುವ ಮೊದಲು

ಮಂಡಿನೋವೆಂದು ಬಂದವರಿಗೆ ಕೂತ ಕೂಡಲೇ ‘ಮೊದಲು ತೂಕ ಇಳಿಸಿ’ ಅನ್ನಬೇಡಿ. ಮಂಡಿ ಮುಟ್ಟಿ ನೋಡಿ, ನೋವಿಗೊಂದು ದಾರಿ ತೋರಿಸಿ. ಆಮೇಲೆ, ‘ಅಕ್ಕ, ನಿಮ್ಮ ತೂಕದ ಬಗ್ಗೆ ಸ್ವಲ್ಪ ಮಾತಾಡ್ಲಾ?’ ಅಂತ ಕೇಳಿ. ಬೇಡ ಅಂದರೆ ಬಿಡಿ, ಮುಂದಿನ ಸಲ ಕೇಳಿ. ಮಂಡ್ಯದ ನಮ್ಮ ಕ್ಲಿನಿಕ್ಕಿಗೆ ಬರುವವರು ಮನೆಯಲ್ಲಿ, ಮದುವೆ ಮನೆಯಲ್ಲಿ ‘ದಪ್ಪ ಆಗಿದ್ದೀಯ’ ಅಂತ ಅನ್ನಿಸಿಕೊಂಡೇ ಬಂದಿರುತ್ತಾರೆ. ನಮ್ಮಿಂದಲೂ ಅದೇ ಬೇಕಿಲ್ಲ.

ತೂಕದ ಮೆಷಿನ್ ಪರದೆಯ ಒಳಗಿರಲಿ, ಅಂಕಿಯನ್ನು ಕೂಗಿ ಹೇಳಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿದು, ಉಸಿರು ಬಿಟ್ಟಾಗ ಸುತ್ತಳತೆ ತೆಗೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಎಚ್ಚರ. ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಅನ್ನುವ ಲೆಕ್ಕ) 30 ಆಗಲೆಂದು ಕಾಯಬೇಡಿ, ನಮ್ಮ ಜನಕ್ಕೆ 25 ಅಂದರೇ ಬೊಜ್ಜು. ಹಳೇ ಚೀಟಿಗಳನ್ನೂ ತೆಗೆಸಿ ನೋಡಿ: ಸ್ಟಿರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ತಾವೇ ತೂಕ ಏರಿಸುತ್ತವೆ. ಗೊರಕೆ, ಹಗಲು ನಿದ್ದೆ ಇದೆಯೇ ಅಂತಲೂ ಕೇಳಿ.

ಊಟದ ವಿಚಾರಕ್ಕೆ ಹೆಚ್ಚು ಹೊತ್ತು ಕೊಡಿ. ‘ಏನು ತಿಂತೀರಿ?’ ಅಂದರೆ ‘ಏನೂ ಇಲ್ಲ ಸಾರ್, ಒಂದು ಮುದ್ದೆ’ ಅನ್ನುತ್ತಾರೆ. ‘ಎದ್ದಾಗಿಂದ ಹೇಳಿ’ ಅನ್ನಿ. ಆಗ ಬರುತ್ತದೆ: ಡೈರಿಗೆ ಹಾಲು ಹಾಕಿ ಬಂದು ಒಂದು ಟೀ, ತಿಂಡಿ ಜೊತೆ ಒಂದು, ಗದ್ದೆ ಹತ್ತಿರ ಒಂದು, ಸಂಜೆ ಎರಡು. ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ದಿನಕ್ಕೆ ಹತ್ತು ಚಮಚ, ಸುಮಾರು 40–50 ಗ್ರಾಂ. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವವರು ಈ ಕಬ್ಬಿನ ಸೀಮೆಯಲ್ಲಿ ಬಹಳ. ಕ್ಯಾಲೊರಿ ಹೆಚ್ಚೂಕಡಿಮೆ ಅಷ್ಟೇ ಅಂತ ತಿಳಿಸಿ. ಮುದ್ದೆ ಬಿಡಿಸಲು ಹೋಗಬೇಡಿ. ಮುದ್ದೆ ಆದಮೇಲೆ ಎರಡೆರಡು ಸಲ ಬಡಿಸಿಕೊಳ್ಳುವ ಅನ್ನದ ಬಗ್ಗೆ ಮಾತಾಡಿ, ಸೊಪ್ಪು, ಕಾಳು ಹೆಚ್ಚಿಸಲು ಹೇಳಿ. ಅಡುಗೆ ಮಾಡುವವರು ಬೇರೆಯಾದರೆ ಅವರನ್ನೂ ಒಳಗೆ ಕರೆಯಿರಿ.

ಬದಲಾವಣೆ ಒಂದೇ ಇರಲಿ, ಅದನ್ನು ಅವರೇ ಆರಿಸಲಿ. ‘ಟೀ ಎರಡಕ್ಕೆ ಇಳಿಸ್ತೀನಿ’ ಅಂದರೆ ಅದೇ ಮಾತನ್ನು ಚೀಟಿಯಲ್ಲಿ ಬರೆಯಿರಿ. ನಡಿಗೆ ವಾರಕ್ಕೆ 150 ನಿಮಿಷ ಬೇಕು, ಮಂಡಿ ನೋಯುವವರಿಗೆ ಹತ್ತತ್ತು ನಿಮಿಷವಾಗಿ ಹಂಚಿಕೊಡಿ. 90 ಕೆಜಿ ಇದ್ದವರು ನಾಲ್ಕೂವರೆ ಕೆಜಿ ಇಳಿದರೂ ಬಿಪಿ, ಶುಗರ್‌ಗೆ ಅನುಕೂಲವಿದೆ ಅಂತ ಬಾಯಿಬಿಟ್ಟು ಹೇಳಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವಾಗ ಡೋಸ್ ಮತ್ತೆ ನೋಡಲೇಬೇಕು, ಇಲ್ಲದಿದ್ದರೆ ಶುಗರ್ ಕುಸಿದೀತು.

ಮುಂದಿನ ತಾರೀಖು ಕೊಟ್ಟೇ ಕಳಿಸಿ. ಮತ್ತೆ ಬಂದಾಗ ಮೊದಲು ಟೀ ಎಷ್ಟಾಯಿತು ಅಂತ ಕೇಳಿ, ತೂಕ ಆಮೇಲೆ ನೋಡಿ.